ಜಡ್ಜ್ ಸಾಹೇಬರ ಎರವಲು ಕಂಠ

ಜಡ್ಜ್ ಸಾಹೇಬರು ಒಂದು ದಿನವೂ ಕಾನೂನು ಓದಿದವರಲ್ಲ. ವಿಮಾ ಕಂಪನಿಯೊಂದರ ಮೇಲಿನ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟ ಮೇಜಿನ ಮುಂದೆ ಕೂತು, ಸತ್ತವರ ಕಡೆಯವರು ತರುತ್ತಿದ್ದ ಅರ್ಜಿಗಳನ್ನು ತಿರುವಿಹಾಕುವ ಗುಮಾಸ್ತರಾಗಿದ್ದರು. ಮುಖ ಮಾತ್ರ ಗುಮಾಸ್ತರದ್ದಲ್ಲ. ಅಗಲ ಹಣೆ, ಚೂಪು ಮೂಗು, ವಯಸ್ಸಿಗೆ ಮುಂಚೆಯೇ ಕಿವಿಯ ಮೇಲೆ ಬೆಳ್ಳಗಾದ ಕೂದಲು, ಎದುರಿಗಿದ್ದವರ ಸುಳ್ಳನ್ನು ಆಗಲೇ ಕಂಡುಹಿಡಿದು ಸುಮ್ಮನಿರುವಂಥ ಕಣ್ಣು. ಅರ್ಜಿ ಹಿಡಿದು ಬಂದವರು ಯಾವ ತಪ್ಪೂ ಮಾಡದಿದ್ದರೂ ಅವರ ಮುಂದೆ ಕೂತೊಡನೆ ಬೆವರುತ್ತಿದ್ದರು. ಆಮೇಲೆ ಗುಮಾಸ್ತರು ಬಾಯಿ ತೆರೆದು ಇಲ್ಲೊಂದು ಸಹಿ ಹಾಕಿ ಎನ್ನುತ್ತಿದ್ದರು, ಬಂದವರ ಬೆವರು ಅಲ್ಲೇ ಆರಿಹೋಗುತ್ತಿತ್ತು. ಅಷ್ಟು ದೊಡ್ಡ ಮುಖದಿಂದ ಹೊರಡುತ್ತಿದ್ದದ್ದು ತೀರ ಸಣ್ಣ, ಕೀರಲು ದನಿ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ.

ಅಣ್ಣನ ಪಾಲಿಸಿಯ ವಿಚಾರಕ್ಕೆ ಬಂದ ಸಿನಿಮಾ ನಿರ್ದೇಶಕನೊಬ್ಬ ಈ ಮುಖವನ್ನು ನೋಡಿ, ಬಂದ ಕೆಲಸ ಮರೆತು ನಿಂತ. ಒಂದು ದಿನದ ಮಟ್ಟಿಗೆ ಬಂದು ಕರಿ ಕೋಟು ಹಾಕಿ ಕೂತರೆ ಸಾಕು, ನಟಿಸುವುದೇನೂ ಬೇಡ ಎಂದು ಕೇಳಿಕೊಂಡ. ಗುಮಾಸ್ತರು ರಜೆ ಹಾಕಿ ಹೋದರು. ಪ್ಲೈವುಡ್ಡಿನ ಕೋರ್ಟು, ತಾಜಾ ವಾರ್ನಿಷ್ಷಿನ ವಾಸನೆ, ನೆತ್ತಿ ಸುಡುವ ದೀಪಗಳು. ಆರೋಪಿಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಲಾಗಿದೆ ಅನ್ನುವ ಒಂದೇ ಮಾತು. ಅವರು ಆ ಮಾತು ಆಡಿದ್ದೇ ತಡ, ದೀಪ ಹಿಡಿದಿದ್ದವನು ಕೆಮ್ಮಿದ ಹಾಗೆ ಮಾಡಿ ಮುಖ ತಿರುಗಿಸಿದ. ಕಟಕಟೆಯಲ್ಲಿ ಕಣ್ಣೀರು ತುಂಬಿಕೊಂಡು ನಿಂತಿದ್ದ ನಾಯಕನ ಭುಜ ಕುಲುಕಿತು. ನಿರ್ದೇಶಕ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ತುಟಿ ಸರಿಯಾಗಿ ಆಡಿದೆ, ಮಿಕ್ಕಿದ್ದು ನಮಗೆ ಬಿಡಿ ಎಂದು ಕಳಿಸಿಕೊಟ್ಟ.

ಚಿತ್ರ ಬಿಡುಗಡೆಯಾದಾಗ ಗಂಡ ಹೆಂಡತಿ ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಹೋದರು. ಕೊನೆಯ ಭಾಗದಲ್ಲಿ ಕೋರ್ಟು ಬಂತು. ಪರದೆಯ ತುಂಬ ಅವರ ಮುಖ ಅರಳಿತು, ಬಾಯಿ ತೆರೆಯಿತು, ಬಾವಿಯ ತಳದಿಂದ ಎದ್ದು ಬಂದಂಥ ಕಂಚಿನ ದನಿಯೊಂದು ಇಡೀ ಥಿಯೇಟರನ್ನು ತುಂಬಿಬಿಟ್ಟಿತು. ಜನ ಉಸಿರು ಬಿಗಿಹಿಡಿದು ಕೇಳಿದರು. ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಹೆಂಡತಿ ಅವರ ಕಿವಿಯ ಹತ್ತಿರ ಬಾಗಿ ಕೇಳಿದಳು: "ರೀ, ಯಾರ್ರೀ ಅದು, ನಿಮ್ಮ ಬಾಯಲ್ಲಿ ಕೂತಿರೋದು?"

ಅವಳು ತಮಾಷೆಗೆ ಕೇಳಿದ್ದು. ಅವರಿಗೂ ನಗು ಬಂತು. ಆದರೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಬಚ್ಚಲ ಕನ್ನಡಿಯ ಮುಂದೆ ನಿಂತು, ಬಾಗಿಲಿಗೆ ಚಿಲಕ ಹಾಕಿಕೊಂಡು, ಆ ಮಾತನ್ನು ದಪ್ಪ ದನಿಯಲ್ಲಿ ಹೇಳಿ ನೋಡಿದರು. ಕೆಮ್ಮು ಬಂತು.

ಆ ಒಂದು ಮಾತು ಅವರ ಬದುಕನ್ನು ಬದಲಿಸಿತು. ಮುಂದಿನ ಚಿತ್ರದಲ್ಲೂ ಜಡ್ಜ್, ಅದರ ಮುಂದಿನದರಲ್ಲೂ ಜಡ್ಜ್. ಅಲ್ಲಿಂದ ಸ್ಟುಡಿಯೋದವರೆಲ್ಲ ಅವರನ್ನು ಜಡ್ಜ್ ಸಾಹೇಬರು ಎಂದೇ ಕರೆಯತೊಡಗಿದರು. ಆಮೇಲೆ ಪೊಲೀಸ್ ಕಮಿಷನರ್ ಆದರು, ಇನ್ನು ನಮ್ಮ ಕೈಲಿ ಏನೂ ಇಲ್ಲ ಎನ್ನುವ ಡಾಕ್ಟರ್ ಆದರು, ಮಗಳ ಪ್ರೇಮಕ್ಕೆ ಅಡ್ಡ ನಿಲ್ಲುವ ಶ್ರೀಮಂತ ಅಪ್ಪ ಆದರು. ವಿಮಾ ಕಂಪನಿಗೆ ರಾಜೀನಾಮೆ ಕೊಟ್ಟರು. ಪ್ರತಿ ಚಿತ್ರದಲ್ಲೂ ಮುಖ ಅವರದು, ಕಂಠ ಅದೇ ಇನ್ನೊಬ್ಬನದು. ಅವರನ್ನು ಗೊತ್ತು ಮಾಡಿದ ನಿರ್ಮಾಪಕರು, ಚಹಾದ ಜೊತೆ ಸಕ್ಕರೆ ತಂದ ಹಾಗೆ, ಆ ಇನ್ನೊಬ್ಬನನ್ನೂ ಗೊತ್ತು ಮಾಡಿಬಿಡುತ್ತಿದ್ದರು.

ಹೊರಗೆ ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಅವರು ಬೇಗ ಕಲಿತರು. ಅಂಗಡಿಯಲ್ಲಿ ಚೌಕಾಸಿಯೆಲ್ಲ ಹೆಂಡತಿಯ ಪಾಲು. ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದು ಮಾತಾಡಿಸಿದರೆ ಕಣ್ಣು ಅರ್ಧ ಮುಚ್ಚಿ ತಲೆಯಾಡಿಸುವರು. ಜನ ಇದನ್ನು ಗಾಂಭೀರ್ಯ ಅಂದುಕೊಂಡರು. ಎಷ್ಟು ಹೆಸರು ಬಂದರೂ ಒಂದು ಮಾತು ಹೆಚ್ಚಿಗೆ ಆಡುವುದಿಲ್ಲ, ಇಂಥವರು ಈಗ ಎಲ್ಲಿ ಸಿಗುತ್ತಾರೆ ಎಂದು ಸಿನಿಮಾ ಪುಟದವನೊಬ್ಬ ಬರೆದ. ಅವರು ಅದನ್ನು ಓದಿ ಕತ್ತರಿಸಿ ಇಟ್ಟುಕೊಂಡರು. ಖುಷಿಯಾಯಿತೋ ಹೊಟ್ಟೆಯಲ್ಲಿ ಉರಿಯಿತೋ ಹೇಳುವುದು ಕಷ್ಟ.

ಉರಿದದ್ದು ಮಗಳ ವಿಷಯದಲ್ಲಿ. ಅವಳಿಗಾಗ ಹಲ್ಲು ಬೀಳುವ ವಯಸ್ಸು. ಮಲಗುವ ಮುಂಚೆ ಕಥೆ ಹೇಳು ಎಂದು ಹಟ ಹಿಡಿದಳು. ಹೇಳತೊಡಗಿದರು. ಅರ್ಧಕ್ಕೆ ತಡೆದು, "ಹಂಗಲ್ಲಪ್ಪ. ಟೀವಿ ಅಪ್ಪನ ಥರ ಹೇಳು" ಎಂದಳು. ಅವರು ಗಂಟಲು ಹಿಗ್ಗಿಸಿ ಪ್ರಯತ್ನಪಟ್ಟರು. ಮಗು ಒಂದು ನಿಮಿಷ ಕೇಳಿ, ಗೋಡೆಯ ಕಡೆ ತಿರುಗಿ ಹೊದಿಕೆ ಎಳೆದುಕೊಂಡಿತು. ಮಾರನೆಯ ದಿನದಿಂದ ಕಥೆ ಹೇಳುವ ಕೆಲಸ ಅಮ್ಮನಿಗೆ ಹೋಯಿತು.

ತಮ್ಮ ಬಾಯಲ್ಲಿ ಕೂತವನನ್ನು ಅವರು ಕಣ್ಣಾರೆ ನೋಡಿದ್ದು ಎಷ್ಟೋ ವರ್ಷದ ಮೇಲೆ. ಬಾಕಿ ಉಳಿದ ಒಂದು ಫೋಟೋ ತೆಗೆಸಲು ಸ್ಟುಡಿಯೋಗೆ ಹೋದಾಗ ಡಬ್ಬಿಂಗ್ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕತ್ತಲು, ಎದುರಿನ ಪುಟ್ಟ ಪರದೆಯ ಮೇಲೆ ಇವರದೇ ಮುಖ. ಮೈಕಿನ ಮುಂದೆ ಎತ್ತರ ಸಾಲದೆ ಮರದ ಮಣೆಯ ಮೇಲೆ ನಿಂತಿದ್ದ ಕುಳ್ಳ ಮನುಷ್ಯ. ಉರುಟು ಹೊಟ್ಟೆ, ಅಗಲ ಕಿವಿ, ಮುಂದೆ ಬಂದ ಎರಡು ಹಲ್ಲು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಪರದೆಯ ಮೇಲೆ ಇವರ ತುಟಿ ಅಲ್ಲಾಡುತ್ತಿದ್ದಂತೆ ಆ ಹಲ್ಲಿನ ಸಂದಿಯಿಂದ ಆ ಕಂಚು ಹೊರಟಿತು. ಎಲ್ಲರೂ ಅವನನ್ನು ಕಂಚಪ್ಪ ಎಂದು ಕರೆಯುತ್ತಿದ್ದದ್ದು ಯಾಕೆ ಎಂದು ಕೇಳಬೇಕಾಗಿರಲಿಲ್ಲ.

ಕಂಚಪ್ಪ ಇವರನ್ನು ನೋಡಿದ್ದೇ ಮಣೆಯಿಂದ ಇಳಿದು ಓಡಿಬಂದ. "ನಾನು ಯಾರು ಅಂತ ಪರಿಚಯ ಹೇಳ್ಕೊಳ್ಳೋದು ಕಷ್ಟ ಸಾರ್. ನಾನೇ ನೀವು" ಎಂದು ನಕ್ಕ. "ನಿಮ್ಮ ತುಟಿ ನನಗೆ ಬಾಯಿಪಾಠ ಆಗ್ಬಿಟ್ಟಿದೆ."

ಬಿಸಿನೀರು ಹಂಚಿಕೊಂಡು ಕುಡಿದರು. ಕಂಚಪ್ಪ ಮಾತುಗಾರ. ಅವನೂ ನಟನಾಗಲೆಂದೇ ಊರು ಬಿಟ್ಟು ಬಂದವನು. ಯಾರ ಬಾಗಿಲಿಗೆ ಹೋದರೂ ದನಿ ಕೇಳಿ ತಲೆದೂಗಿ, ಮುಖ ನೋಡಿ ಮೂಗು ಮುರಿದು, ಕೊನೆಗೆ ಕತ್ತಲ ಕೋಣೆಗೆ ತಂದು ನಿಲ್ಲಿಸಿದ್ದರು. ಮೇಲೆ ಕೂತು ಹಂಚುವವನು ಎಲ್ಲೋ ನಿದ್ದೆಗಣ್ಣಲ್ಲಿ ನಮ್ಮಿಬ್ಬರ ಪೊಟ್ಟಣ ಅದಲುಬದಲು ಮಾಡಿಬಿಟ್ಟ ಸಾರ್ ಎಂದು ಅವನು ನಗುತ್ತಲೇ ಹೇಳಿದ. ಹೊರಡುವಾಗ ಬಾಗಿಲ ತನಕ ಬಂದು ದನಿ ತಗ್ಗಿಸಿ ಒಂದು ಮಾತು ಕೇಳಿದ. ಯಾವುದಾದರೂ ಚಿತ್ರದಲ್ಲಿ, ಯಾವುದಾದರೂ ಮೂಲೆಯಲ್ಲಿ, ಒಂದು ಸಲ ಅವನ ಮುಖ ಬರಬೇಕು. ನೀರು ತಂದಿಡುವವನಾದರೂ ಸರಿ. ಅವನ ಮಕ್ಕಳು ನೋಡಬೇಕು. ಸಾಹೇಬರು ನಿರ್ದೇಶಕರ ಕಿವಿಗೆ ಒಂದು ಮಾತು ಹಾಕಿದರೆ ಆಗಿಹೋಗುತ್ತದೆ.

"ಹೇಳೋಣ" ಎಂದರು ಜಡ್ಜ್ ಸಾಹೇಬರು.

ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಆಮೇಲೆ ಕಂಚಪ್ಪ ಸಿಕ್ಕಾಗಲೆಲ್ಲ ನೆನಪು ಮಾಡಿದಾಗಲೂ ಹೇಳಲಿಲ್ಲ. ಮರೆತರು ಎನ್ನುವಂತಿಲ್ಲ. ಈ ಮನುಷ್ಯ ಕ್ಯಾಮೆರಾದ ಮುಂದೆ ಬಂದು ಬಾಯಿ ತೆರೆದರೆ, ಅವನ ಪಕ್ಕದಲ್ಲಿ ತಾವು ಯಾರ ದನಿಯಲ್ಲಿ ಮಾತಾಡುವುದು? ಈ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಿಕೊಳ್ಳಲಿಲ್ಲ. ಆದರೆ ನಿರ್ದೇಶಕರ ಮುಂದೆ ಹೋದಾಗಲೆಲ್ಲ ಬೇರೇನಾದರೂ ಮಾತು ತೆಗೆಯುತ್ತಿದ್ದರು.

ಸಿನಿಮಾದ ಕರೆ ಕಡಿಮೆಯಾಗುವ ಕಾಲಕ್ಕೆ ಧಾರಾವಾಹಿ ಬಂತು. ಅದರಲ್ಲಿ ದೊಡ್ಡ ಮನೆಯೊಂದರ ಯಜಮಾನ, ಎಲ್ಲರಿಗೂ ದೊಡ್ಡಪ್ಪ. ತಮ್ಮಂದಿರು ಜಗಳವಾಡಿದರೆ ದೊಡ್ಡಪ್ಪ ಬುದ್ಧಿ ಹೇಳುತ್ತಾರೆ, ಸೊಸೆ ಮುನಿಸಿಕೊಂಡರೆ ದೊಡ್ಡಪ್ಪ ಸಮಾಧಾನ ಮಾಡುತ್ತಾರೆ. ಊಟದ ಹೊತ್ತಿಗೆ ಮನೆಮನೆಯಲ್ಲೂ ದೊಡ್ಡಪ್ಪನ ಕಂಠ. ಸ್ವಂತ ಅಪ್ಪನ ಮಾತಿಗೆ ಕಿವಿಗೊಡದವರು ದೊಡ್ಡಪ್ಪ ಹೇಳಿದ್ದನ್ನು ಮಾರನೆಯ ದಿನ ಆಫೀಸಿನಲ್ಲಿ ಹೇಳುತ್ತಿದ್ದರು. ಸಾಹೇಬರು ಬೀದಿಗೆ ಬಂದರೆ ಸಾಕು, ಗಟ್ಟಿ ಗಟ್ಟಿ ಗಂಡಸರು ಬಂದು ಕೈ ಹಿಡಿದು, ಒಂದು ಒಳ್ಳೆ ಮಾತು ಹೇಳಿ ದೊಡ್ಡಪ್ಪ ಎಂದು ನಿಲ್ಲುತ್ತಿದ್ದರು. ಅವರು ಭುಜ ತಟ್ಟಿ ಮುಂದೆ ಹೋಗುತ್ತಿದ್ದರು.

ಆಗ ಕಂಚಪ್ಪ ಎರಡನೇ ಸಲ ಬೇಡಿದ. ಈ ಸಲ ಮುಖವಲ್ಲ, ಬರೀ ಹೆಸರು. ಧಾರಾವಾಹಿಯ ಕೊನೆಯಲ್ಲಿ ಓಡುವ ಅಕ್ಷರಗಳಲ್ಲಿ ಅಡುಗೆ ಮಾಡಿದವರ ಹೆಸರಿರುತ್ತದೆ, ವ್ಯಾನ್ ಓಡಿಸಿದವರ ಹೆಸರಿರುತ್ತದೆ. ದೊಡ್ಡಪ್ಪನ ಕಂಠ ಇಂಥವರದು ಎಂದು ಒಂದು ಸಾಲು ಹಾಕಿ ಎಂದು ನಿರ್ಮಾಪಕರನ್ನು ಕೇಳಿಕೊಂಡ. ನಿರ್ಮಾಪಕರದ್ದೇನೂ ಅಭ್ಯಂತರ ಇರಲಿಲ್ಲ. ಆದರೂ ಒಂದು ಮಾತು ಕೇಳಿಬಿಡೋಣ ಎಂದು ಸಾಹೇಬರನ್ನು ಕೇಳಿದರು.

ಸಾಹೇಬರು ಬಹಳ ಹೊತ್ತು ಯೋಚಿಸುವವರಂತೆ ಕೂತು, ಬೇಡ ಎಂದರು. ನೋಡುವವರ ನಂಬಿಕೆ ಕೆಡುತ್ತದೆ ಎಂದರು. ಅವರ ದನಿ ಇನ್ನಷ್ಟು ಸಣ್ಣಗಾಗಿತ್ತು.

ಯಾರು ಬೇಡ ಎಂದರು ಅನ್ನುವುದನ್ನು ನಿರ್ಮಾಪಕರು ಮುಚ್ಚಿಡಲಿಲ್ಲ. ಕಂಚಪ್ಪ ಕೇಳಿಸಿಕೊಂಡು ಮಣೆಯ ಮೇಲೆ ಹತ್ತಿ ನಿಂತು ಅವತ್ತಿನ ಕೆಲಸ ಮುಗಿಸಿದ. ದುಡಿದವನ ಹೆಸರು ನುಂಗಬಾರದು ಎಂದು ದೊಡ್ಡಪ್ಪ ತಮ್ಮಂದಿರಿಗೆ ಬುದ್ಧಿ ಹೇಳುವ ಸನ್ನಿವೇಶವೂ ಅವತ್ತಿನ ಕೆಲಸದಲ್ಲಿತ್ತು. ಬಹಳ ಚೆನ್ನಾಗಿ ಬಂದಿದೆ ಎಂದು ಧ್ವನಿಮುದ್ರಣದವನು ಹೊಗಳಿದನಂತೆ.

ಅದೇ ವರ್ಷ ವಾಹಿನಿಯವರು ತಮ್ಮ ನಟರಿಗೆ ಪ್ರಶಸ್ತಿ ಕೊಡುವ ಸಮಾರಂಭ ಇಟ್ಟರು. ಜನಮೆಚ್ಚಿದ ಹಿರಿಯ ಪಾತ್ರ ದೊಡ್ಡಪ್ಪನದು. ಸುದ್ದಿ ಕೇಳಿ ಸಾಹೇಬರಿಗೆ ಸಂತೋಷದ ಹಿಂದೆಯೇ ಹೆದರಿಕೆಯೂ ಬಂತು. ವೇದಿಕೆ ಹತ್ತಿದರೆ ಮಾತಾಡಬೇಕು. ನೇರ ಪ್ರಸಾರ. ವಾಹಿನಿಯವರಿಗೂ ಇದೇ ಚಿಂತೆ. ಕೊನೆಗೆ ಉಪಾಯ ಹುಡುಕಿದರು. ಸಾಹೇಬರ ಮುಂದಿರುವ ಮೈಕು ಬರೀ ತೋರಿಕೆಗೆ. ವೇದಿಕೆಯ ಹಿಂದಿನ ಪರದೆಯ ಮರೆಯಲ್ಲಿ ಕಂಚಪ್ಪ ಇನ್ನೊಂದು ಮೈಕು ಹಿಡಿದು ನಿಲ್ಲುತ್ತಾನೆ. ಇವರು ತುಟಿ ಆಡಿಸುತ್ತಾರೆ, ಅವನು ಎದುರಿಗಿಟ್ಟ ಪುಟ್ಟ ಟೀವಿ ನೋಡುತ್ತ ಮಾತಾಡುತ್ತಾನೆ. ಇಷ್ಟು ವರ್ಷ ಮಾಡಿಕೊಂಡು ಬಂದದ್ದೇ ಅಲ್ಲವೆ. ಎರಡು ಸಾಲಿನ ಮಾತು ಬರೆದು ಇಬ್ಬರಿಗೂ ಕೊಟ್ಟರು. ಕಂಚಪ್ಪ ಇಲ್ಲ ಎನ್ನಲಿಲ್ಲ. ಅವನು ಇಲ್ಲ ಎನ್ನದಿದ್ದದ್ದಕ್ಕೆ ಅನುಮಾನಪಡಬೇಕಿತ್ತು ಎಂದು ಆಮೇಲೆ ಸಾಹೇಬರಿಗೆ ಅನಿಸಿತು.

ಸಭಾಂಗಣ ತುಂಬಿತ್ತು. ಹೆಂಡತಿಯೂ ಮಗಳೂ ಮುಂದೆಯೇ ಕೂತಿದ್ದರು. ಸಾಹೇಬರು ಗಾಜಿನ ಫಲಕ ಕೈಗೆ ತೆಗೆದುಕೊಂಡು ಮೈಕಿನ ಮುಂದೆ ನಿಂತರು. ತುಟಿ ಆಡಿತು, ಕಂಠ ಹೊರಟಿತು. ನಿಮ್ಮ ಪ್ರೀತಿ ದೊಡ್ಡದು. ಈ ಗೌರವ ನನ್ನದಲ್ಲ, ನಮ್ಮ ಇಡೀ ಮನೆಯದು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಬಾಯಿ ಮುಚ್ಚಿ ತಲೆಬಾಗಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು.

"ಇನ್ನೊಂದು ಮಾತಿದೆ" ಎಂದಿತು ಅವರ ಕಂಠ.

ಸುಮ್ಮನೆ ನಿಂತರೆ ಸಿಕ್ಕಿಬೀಳುವುದು ಖಂಡಿತ. ಸಾಹೇಬರು ಮತ್ತೆ ಮೈಕಿನ ಹತ್ತಿರ ಬಂದು ಬಾಯಿ ತೆರೆದರು. ಇಷ್ಟು ವರ್ಷ ಅವರ ತುಟಿಯ ಹಿಂದೆ ದನಿ ಓಡುತ್ತಿತ್ತು. ಈಗ ಎತ್ತ ಹೋಗುತ್ತದೋ ಗೊತ್ತಿಲ್ಲದ ದನಿಯ ಹಿಂದೆ ತುಟಿ ಓಡಬೇಕಾಯಿತು.

"ನೀವು ಕೇಳ್ತಾ ಇರೋ ಈ ದನಿ ನನ್ನದಲ್ಲ. ಇನ್ನೊಬ್ಬ ಮನುಷ್ಯನದು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಅವನ ಹೆಸರು ನಿಮಗೆ ಗೊತ್ತಿಲ್ಲ, ಯಾಕಂದ್ರೆ ಹೇಳಬೇಡಿ ಅಂದವನು ನಾನು. ಅವನು ಈಗಲೂ ತೆರೆಯ ಮರೆಯಲ್ಲೇ ನಿಂತಿದ್ದಾನೆ. ಅವನ ಹೆಸರು..."

ಅಷ್ಟರಲ್ಲಿ ಯಾರೋ ಹಿಂದಿನ ಮೈಕಿನ ತಂತಿ ಕಿತ್ತರು. ಸಾಹೇಬರು ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ತುಟಿ ತಪ್ಪಿಹೋಗಿದ್ದನ್ನು ಮುಚ್ಚಿಕೊಳ್ಳಲು ಅಡ್ಡ ಹಿಡಿದ ಕೈ ಅದು. ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡರು.

ಮುಗಿಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ದನಿಯಲ್ಲೇ ಈ ದನಿ ನನ್ನದಲ್ಲ ಎಂದರೆ ನಂಬುವವರು ಯಾರು? ಎಂಥ ವಿನಯ, ತನ್ನ ದನಿಯನ್ನೂ ತನ್ನದಲ್ಲ ಎನ್ನುತ್ತಾರಲ್ಲ ಎಂದು ಕರಗಿಹೋದರು. ಮೊದಲ ಸಾಲಿನಲ್ಲಿದ್ದ ಸಂಭಾಷಣೆಕಾರ, ತೆರೆಯ ಮರೆಯ ಮನುಷ್ಯ ತಾನೇ ಎಂದು ಭಾವಿಸಿ ಎದ್ದು ನಿಂತು, ಸುತ್ತಲೂ ತಿರುಗಿ ಕಣ್ಣೊರೆಸಿಕೊಂಡ. ಕ್ಯಾಮೆರಾ ಅವನನ್ನು ಹಿಡಿಯಿತು. ಮಾರನೆಯ ದಿನದ ಪತ್ರಿಕೆಗಳಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕುತ್ತಿರುವ ದೊಡ್ಡಪ್ಪನ ಚಿತ್ರ ದೊಡ್ಡದಾಗಿ ಬಂತು.

ಪರದೆಯ ಹಿಂದೆ ಕಂಚಪ್ಪ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಬಿಸಿನೀರು ಕುಡಿಯುತ್ತಿದ್ದ. ಸಾಹೇಬರು ನುಗ್ಗಿ ಬಂದರು. ಸಿಟ್ಟು ಬಂದಾಗ ಅವರ ದನಿ ಇನ್ನೂ ಮೇಲಕ್ಕೆ ಹೋಗುತ್ತಿತ್ತು.

"ನನ್ನ ಮಾನ ಕಳೆದ್ರಲ್ಲ ನೀವು."

"ಎಲ್ಲಿ ಕಳೆದೆ ಸಾರ್? ಕೇಳಿಸ್ತಿಲ್ವಾ, ಇನ್ನೂ ತಟ್ತಾನೇ ಇದ್ದಾರೆ. ನಾನು ನಿಮ್ಮನ್ನ ಬೈದ್ರೂ ಮರ್ಯಾದೆ ನಿಮಗೇ ಬರುತ್ತೆ. ಇದಕ್ಕೆ ನಾನೇನು ಮಾಡ್ಲಿ ಹೇಳಿ."

ಅವನು ನಗುತ್ತಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿ, ಬಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಟುಹೋದ.

ಸಾಹೇಬರು ನಿರ್ಮಾಪಕರ ಮುಂದೆ ಪಟ್ಟು ಹಿಡಿದರು. ಅವನಿರಬೇಕು, ಇಲ್ಲಾ ತಾವಿರಬೇಕು. ನಿರ್ಮಾಪಕರು ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಕಂಚಪ್ಪನ ದನಿಯನ್ನು ಅಣಕ ಮಾಡಿ ಸ್ನೇಹಿತರನ್ನು ನಗಿಸುತ್ತಿದ್ದ ಒಬ್ಬ ತರುಣನನ್ನು ಎಲ್ಲಿಂದಲೋ ಹಿಡಿದು ತಂದರು. ಹೊಸ ಕಂಠದ ಮೊದಲ ಕಂತು ಪ್ರಸಾರವಾದ ದಿನ ಸಾಹೇಬರು ಟೀವಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತರು. ಜನ ಗಲಾಟೆ ಎಬ್ಬಿಸುತ್ತಾರೆ ಅನ್ನುವ ಹೆದರಿಕೆ. ಎಬ್ಬಿಸಲಿ ಅನ್ನುವ ಹಾಳು ಆಸೆಯೂ ಒಳಗೆಲ್ಲೋ ಇತ್ತು. ಯಾರೂ ಉಸಿರೆತ್ತಲಿಲ್ಲ. ದೊಡ್ಡಪ್ಪನಿಗೆ ನೆಗಡಿಯಾಗಿರಬೇಕು ಎಂದು ಪಕ್ಕದ ಮನೆಯಾಕೆ ಹೆಂಡತಿಯ ಹತ್ತಿರ ವಿಚಾರಿಸಿಕೊಂಡಳು. ವಾರ ಕಳೆಯುವುದರೊಳಗೆ ನೆಗಡಿಯೂ ವಾಸಿಯಾಯಿತು. ಕಂಚಪ್ಪ ಕಿರಿಕಿರಿ ಮನುಷ್ಯ ಅನ್ನುವ ಮಾತು ಸ್ಟುಡಿಯೋದಿಂದ ಸ್ಟುಡಿಯೋಗೆ ಹರಡಿ, ಮಿಕ್ಕ ಕಡೆಯ ಕೆಲಸವೂ ಅವನ ಕೈಬಿಟ್ಟಿತು ಎಂದು ಆಮೇಲೆ ತಿಳಿಯಿತು.

ಆದರೆ ನಿರ್ಮಾಪಕರು ಒಂದು ಪಾಠ ಕಲಿತಿದ್ದರು. ಹೆಂಡತಿಯ ಮೊಣಕಾಲಿನ ಆಪರೇಷನ್ನಿಗೆ ಸಾಹೇಬರು ರಜೆ ಕೇಳಿದರು. ಕೊಡೋಣ ಸಾರ್, ಮನೆಯವರನ್ನ ಚೆನ್ನಾಗಿ ನೋಡ್ಕೊಳ್ಳಿ ಎಂದು ನಿರ್ಮಾಪಕರು ಪ್ರೀತಿಯಿಂದಲೇ ಹೇಳಿದರು. ಆಸ್ಪತ್ರೆಯ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದ ಟೀವಿಯಲ್ಲಿ ಒಂದು ಸಂಜೆ ಅವರೇ ನೋಡಿದರು: ಇನ್ನು ಮುಂದೆ ದೊಡ್ಡಪ್ಪನ ಪಾತ್ರದಲ್ಲಿ ಇಂಥವರು ಎಂಬ ಅಕ್ಷರಗಳು, ಅದರ ಹಿಂದೆಯೇ ಬೇರೆ ಯಾರದೋ ಮುಖ, ಇವರ ಕುರ್ಚಿ, ಇವರ ಶಾಲು, ಅದೇ ತರುಣನ ದನಿ. ಫೋನು ಮಾಡಿದರೆ ನಿರ್ಮಾಪಕರು ಬೇಜಾರಿಲ್ಲದೆ ಮಾತಾಡಿದರು. ತಪ್ಪು ತಿಳಿಯಬೇಡಿ, ಜನಕ್ಕೆ ಬೇಕಾದದ್ದು ದೊಡ್ಡಪ್ಪ, ಅದು ಯಾರಾದರೇನು ಎಂದರು. ಪಕ್ಕದ ಹಾಸಿಗೆಯ ರೋಗಿಯ ಮಗ ಇವರನ್ನೂ ಟೀವಿಯನ್ನೂ ಒಂದೆರಡು ಸಲ ನೋಡಿ, ನೀವು ಮೊದಲಿನ ದೊಡ್ಡಪ್ಪನ ಥರಾನೇ ಇದ್ದೀರಲ್ಲ ಎಂದ. ಎರಡು ದಿನದಲ್ಲಿ ಅದನ್ನೂ ಹೇಳುವುದು ಬಿಟ್ಟ.

ಮನೆಯಲ್ಲಿ ಕೂತರು. ಫೋನು ಬಂದರೆ ಮಗಳದ್ದು, ಇಲ್ಲವೇ ಯಾರೋ ಏನೋ ಮಾರುವವರದ್ದು. ಮಾರುವವರು ಇವರ ಹಲೋ ಕೇಳಿ, ಮೇಡಂ, ಸಾರ್ ಇಲ್ವಾ ಎನ್ನುತ್ತಿದ್ದರು.

ಹೆಂಡತಿಯ ಕಾಲು ತೋರಿಸಲು ಮತ್ತೆ ಆಸ್ಪತ್ರೆಗೆ ಹೋದಾಗ, ಹೊಸ ಕಟ್ಟಡದ ಲಿಫ್ಟಿನ ಬಾಗಿಲು ಮುಚ್ಚಿಕೊಂಡೊಡನೆ ನೆತ್ತಿಯ ಮೇಲಿನಿಂದ ಆ ಕಂಚಿನ ದನಿ ಇಳಿಯಿತು. ಎರಡನೇ ಮಹಡಿ. ಎಲುಬು ಮತ್ತು ಕೀಲು ವಿಭಾಗ. ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ. ಸಾಹೇಬರು ಗೋಡೆ ಹಿಡಿದುಕೊಂಡರು. ಹೆಂಡತಿ ಊರುಗೋಲು ಊರಿಕೊಂಡು ತಲೆಯೆತ್ತಿ ಕೇಳಿದಳು.

"ಅವ್ರೇ ಅಲ್ವಾ?" ಎಂದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ, "ಆ ಮನುಷ್ಯ ನಮ್ಮ ಮನೆಗೆ ಇಷ್ಟು ವರ್ಷ ಊಟ ಹಾಕಿದ್ದಾನೆ ರೀ. ಒಂದ್ಸಲ ಹೋಗಿ ಬನ್ನಿ" ಎಂದಳು.

ಹೋಗಲು ಒಂದು ನೆಪವೂ ಸಿಕ್ಕಿತು. ಹೊಸದಾಗಿ ಚಿತ್ರ ಮಾಡಲು ಹೊರಟ ನಿರ್ದೇಶಕಿಯೊಬ್ಬಳು ಮನೆಗೆ ಬಂದಳು. ಹಳೆಯ ಕಟ್ಟಡವೊಂದರ ಕಾವಲುಗಾರ, ವಯಸ್ಸಾದವನು, ಚಿತ್ರದ ಮೊದಲಿನಿಂದ ಕೊನೆಯವರೆಗೂ ಇರುವ ಪಾತ್ರ. ಹುಟ್ಟು ಮೂಗ. ನಿಮ್ಮ ಮೌನದ ಬಗ್ಗೆ ಬಹಳ ಕೇಳಿದ್ದೀನಿ ಸಾರ್ ಎಂದಳು ಅವಳು, ಹೊಗಳಿಕೆಯೆಂದೇ ತಿಳಿದು. ಸಾಹೇಬರ ಮೈಯೆಲ್ಲ ಉರಿದುಹೋಯಿತು. ಆಗುವುದಿಲ್ಲ ಎಂದರು. ಅವಳು ಮುಖ ಸಣ್ಣಗೆ ಮಾಡಿಕೊಂಡು ಎದ್ದಾಗ, ಒಬ್ಬರಿದ್ದಾರೆ, ಕೇಳಿ ನೋಡುತ್ತೇನೆ ಎಂದುಬಿಟ್ಟರು. ಕಂಚಪ್ಪನ ಋಣ ತೀರಲಿ ಎಂದು ಹೇಳಿದರೋ, ದನಿಯಿಂದಲೇ ಮೆರೆದವನು ಒಂದು ಸಲ ಮೂಗನಾಗಿ ನಿಲ್ಲಲಿ ಎಂದು ಹೇಳಿದರೋ, ಅವರಿಗೇ ಸ್ಪಷ್ಟವಿರಲಿಲ್ಲ. ಎರಡೂ ಇತ್ತು ಅನ್ನುವುದೇ ನಿಜ.

ಕಂಚಪ್ಪನ ಮನೆ ಒಂದು ಬೀಗ ರಿಪೇರಿ ಅಂಗಡಿಯ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಿ ಕದ ತಟ್ಟಿದರು. ತೆರೆದವನು ಕಂಚಪ್ಪನೇ. ಮೈ ಇಳಿದಿತ್ತು, ಕಿವಿ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ಒಳಗಿನಿಂದ ಅವನ ಹೆಂಡತಿ ಇಣುಕಿ ನೋಡಿ ಹಿಂದಕ್ಕೆ ಹೋದಳು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

"ಒಂದು ಪಾತ್ರ ಇದೆ" ಎಂದರು ಸಾಹೇಬರು.

"ಯಾರಿಗೆ ಮಾತಾಡ್ಬೇಕು?"

"ಮಾತಾಡೋದಲ್ಲ. ಮುಖ ಬರೋದು. ಚಿತ್ರದ ತುಂಬ ಬರುತ್ತೆ."

ಕಂಚಪ್ಪ ಬಾಗಿಲಿಗೆ ಒರಗಿ ನಿಂತ. ಎಂಥ ಪಾತ್ರ ಎಂದು ಕೇಳಿದ. ಸಾಹೇಬರು ಕೆಳಗಿನ ಬೀದಿ ನೋಡುತ್ತ ಹೇಳಿದರು.

"ಮೂಗನ ಪಾತ್ರ" ಎಂದು ಕಂಚಪ್ಪ ಆ ದೊಡ್ಡ ದನಿಯಲ್ಲಿ ಮೆಲ್ಲಗೆ ಹೇಳಿ ನೋಡಿದ. "ಆಗ್ಲಿ, ಮಾಡ್ತೀನಿ. ಇದನ್ನ ಫೋನಲ್ಲೇ ಹೇಳ್ಬಹುದಿತ್ತು."

"ಫೋನಲ್ಲಿ ನನ್ನ ದನಿ ಗೊತ್ತಾಗುತ್ತೋ ಇಲ್ವೋ ಅಂತ ಬಂದೆ."

"ಗೊತ್ತಾಗದೆ ಏನು ಸಾರ್. ನಿಮ್ಮ ದನಿ ನನ್ನಷ್ಟು ಕೇಳಿರೋರು ಯಾರಿದ್ದಾರೆ? ಶೂಟಿಂಗಲ್ಲಿ ನೀವು ಆಡಿದ್ದನ್ನ ಕಿವಿಗೆ ಹಾಕ್ಕೊಂಡೇ ಅಲ್ವಾ ನಾನು ಮಾತಾಡ್ತಿದ್ದದ್ದು. ನೀವು ಎಲ್ಲಿ ತಡೀತಿದ್ರೋ ಅಲ್ಲೇ ತಡೀತಿದ್ದೆ, ನೀವು ಎಲ್ಲಿ ನಡುಗ್ತಿದ್ರೋ ಅಲ್ಲೇ ನಡುಗ್ತಿದ್ದೆ. ಎಲ್ಲಾ ನೀವು ಮಾಡಿಟ್ಟಿರ್ತಿದ್ರಿ. ನಾನು ಅದಕ್ಕೆ ಸ್ವಲ್ಪ ದಪ್ಪ ಬಣ್ಣ ಬಳೀತಿದ್ದೆ ಅಷ್ಟೆ." ಅವನು ಕಣ್ಣು ತಗ್ಗಿಸಿದ. "ನಿಮ್ಮ ದನಿ ಅಷ್ಟೇನೂ ಕೆಟ್ಟದಾಗಿರ್ಲಿಲ್ಲ. ಒಂದು ಚಿತ್ರ ನೀವೇ ಮಾತಾಡಿದ್ದಿದ್ರೆ ಜನ ಒಗ್ಗಿಕೊಳ್ತಿದ್ರು."

ಸಾಹೇಬರು ಬೀದಿಯಿಂದ ಕಣ್ಣು ತೆಗೆದು ಅವನತ್ತ ತಿರುಗಿದರು. "ಇದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತಲ್ಲ" ಎಂದ ಕಂಚಪ್ಪ.

ಸಾಹೇಬರು ನಿರ್ದೇಶಕಿಯ ನಂಬರು ಹೇಳಿ ಇಳಿದುಬಂದರು. ಮನೆಗೆ ಹೋಗುವ ಬಸ್ಸು ಬಂದರೂ ಹತ್ತದೆ ಬಹಳ ಹೊತ್ತು ನಿಲ್ದಾಣದಲ್ಲೇ ಕೂತಿದ್ದರು. ಇನ್ನೊಂದು ಬಸ್ಸು ಬಂದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಅವರು ಬಾಯಿ ತೆರೆದು, ಯಾವ ಯಾವ ಬೀದಿಯಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿದರೆ ಯಾವುದು ಹತ್ತಿರ ಎಂದು ಅವಳು ಕೇಳದೆ ಇದ್ದದ್ದನ್ನೂ ವಿವರವಾಗಿ ಹೇಳಿದರು. ಅವಳು ನಗಲಿಲ್ಲ, ಅಚ್ಚರಿಪಡಲಿಲ್ಲ. ಸರಿ ಎಂದು ಬಸ್ಸು ಹತ್ತಿ ಹೋದಳು.

ಆ ಚಿತ್ರ ತೆರೆಗೆ ಬಂದಾಗ ಸಾಹೇಬರು ಹೆಂಡತಿಯ ಜೊತೆ ಹೋಗಿ ನೋಡಿದರು. ಏನಾದರೊಂದು ಕೊರತೆ ಸಿಕ್ಕೀತು ಎಂದು ಕಣ್ಣು ಕಿರಿದು ಮಾಡಿಕೊಂಡೇ ಕೂತಿದ್ದರು. ಸಿಗಲಿಲ್ಲ. ಮುಂದೆ ಬಂದ ಹಲ್ಲು, ಅಗಲ ಕಿವಿ, ಬಾಯಿಗೆ ಬಂದ ಮಾತು ಹೊರಬರದೆ ಕತ್ತಿನ ನರಗಳಲ್ಲಿ ಒದ್ದಾಡುವುದು, ಎಲ್ಲ ಹಾಗೆ ಹಾಗೇ ಇತ್ತು. ಕಂಚಪ್ಪ ನಟಿಸಬಲ್ಲವನಾಗಿದ್ದ. ತಾವು ಯಾವತ್ತೂ ನಟಿಸದಷ್ಟು ಚೆನ್ನಾಗಿ ನಟಿಸಬಲ್ಲವನಾಗಿದ್ದ. ಎಂದೋ ಅವನು ಕೇಳಿಕೊಂಡ ಆ ಒಂದು ಮಾತನ್ನು ತಾವು ನಿರ್ದೇಶಕರ ಕಿವಿಗೆ ಹಾಕಿದ್ದರೆ ಜನ ಇಷ್ಟು ವರ್ಷ ಇವನನ್ನು ನೋಡುತ್ತಿದ್ದರು. ಚಿತ್ರ ಮುಗಿದು ದೀಪ ಹತ್ತಿದಾಗ ಹೆಂಡತಿ ಅಳುತ್ತಿದ್ದಳು. ಸಾಹೇಬರು ಅವಳ ಊರುಗೋಲು ಹುಡುಕಿ ಕೊಟ್ಟರು. ಕಂಚಪ್ಪನಿಗೆ ಆಮೇಲೆ ಮೂಗರ ಪಾತ್ರಗಳು, ಕಿವುಡರ ಪಾತ್ರಗಳು ಬಂದವು. ಮಾತಾಡುವ ಪಾತ್ರ ಯಾರೂ ಕೊಡಲಿಲ್ಲ. ಆ ಮುಖಕ್ಕೆ ಆ ದನಿ ಹೊಂದುವುದಿಲ್ಲವಂತೆ.

ಸಾಹೇಬರಿಗೂ ಕೆಲಸ ಬಂತು. ಹೊಸ ಧಾರಾವಾಹಿಯೊಂದರಲ್ಲಿ ಅಪಘಾತವಾಗಿ ಪ್ರಜ್ಞೆ ತಪ್ಪಿದ ಮನೆಯ ಹಿರಿಯ. ಮೂಗಿಗೆ ಕೊಳವೆ, ಕೈಗೆ ಸೂಜಿಯ ಪಟ್ಟಿ, ಹಾಸಿಗೆಯ ಸುತ್ತ ಮಕ್ಕಳು ಸೊಸೆಯರು ನಿಂತು ಆಸ್ತಿಗೆ ಕಿತ್ತಾಡುತ್ತಾರೆ. ಅವರು ಕಣ್ಣು ಮುಚ್ಚಿ ಮಲಗಿರಬೇಕು. ದಿನವೂ ಕರೆಯುತ್ತಿದ್ದರು, ಇಷ್ಟು ಖಾಯಂ ಕೆಲಸ ಸಿಕ್ಕು ವರ್ಷಗಳಾಗಿದ್ದವು. ಕೆಲವು ದಿನ ನಿಜವಾಗಿಯೇ ನಿದ್ದೆ ಹತ್ತಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಆ ಧಾರಾವಾಹಿಯ ನಿರ್ದೇಶಕನ ಹತ್ತಿರ ಹೋದರು. ಮನೆಯಲ್ಲಿ ಹಲವು ದಿನ ಅಂದುಕೊಂಡು, ಬಚ್ಚಲಲ್ಲಿ ಹೇಳಿಕೊಂಡು ಅಭ್ಯಾಸ ಮಾಡಿದ ಮಾತು. ಆ ಪಾತ್ರಕ್ಕೆ ಎಚ್ಚರವಾದಾಗ ಡಬ್ಬಿಂಗಿಗೆ ಬೇರೆ ಯಾರನ್ನೂ ಕರೆಸುವುದು ಬೇಡ, ನಾನೇ ಮಾತಾಡುತ್ತೇನೆ, ಚೆನ್ನಾಗಿ ಬರದಿದ್ದರೆ ಆಮೇಲೆ ನೋಡೋಣ ಎಂದು ಒಂದೇ ಉಸಿರಿಗೆ ಹೇಳಿದರು.

ನಿರ್ದೇಶಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅವರ ಮುಖ ನೋಡಿದ. ಒಳ್ಳೆಯ ಮನುಷ್ಯ, ನೋಯಿಸುವುದು ಅವನಿಗಿಷ್ಟವಿರಲಿಲ್ಲ.

"ಸಾರ್, ಅವರು ಎಚ್ಚರ ಆಗಲ್ಲ" ಎಂದ. "ಮುಂದಿನ ತಿಂಗಳು ಹಂಗೇ ಹೋಗ್ಬಿಡ್ತಾರೆ."

ದೀಪದವರು ಕರೆದರು. ಸಾಹೇಬರು ಹೋಗಿ ಹಾಸಿಗೆಯ ಮೇಲೆ ಮಲಗಿದರು. ಮೇಕಪ್ಪಿನವಳು ಬಂದು ಮೂಗಿನ ಕೊಳವೆ ಸರಿಮಾಡಿ, ಹಣೆಯ ಬೆವರು ಒತ್ತಿ, ಕಣ್ಣು ಮುಚ್ಚಿಕೊಳ್ಳಿ ಎಂದಳು.